ಶಾಲೆಯ ಟೆಕ್ನಾಲಜಿ ಪ್ಲಾನ್ ಮಾಡುವಾಗ ಮಕ್ಕಳನ್ನು ಯಾರು ಕೇಳುತ್ತಾರೆ?

@ವಿಜ್ಞಾನ_ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಮುಂದಿನ ಮೂರು ವರ್ಷಕ್ಕೆ ಟೆಕ್ನಾಲಜಿ ಪ್ಲಾನ್ ತಯಾರಾಗುತ್ತಿದೆ. ಎಷ್ಟು ಟ್ಯಾಬ್ ಬೇಕು, ಯಾವ ಆ್ಯಪ್ ತೆಗೆದುಕೊಳ್ಳಬೇಕು, ಫೋನ್ ತರಬಹುದಾ ಬೇಡವಾ, ಎಐ ಬಳಸಿದರೆ ಏನು ಮಾಡಬೇಕು, ಎಲ್ಲ ಅದರಲ್ಲೇ ಬರುತ್ತದೆ. ಸಮಿತಿಯಲ್ಲಿ ಆಡಳಿತ ಮಂಡಳಿಯವರಿದ್ದಾರೆ, ಹೆಡ್‌ಮಾಸ್ಟರ್ ಇದ್ದಾರೆ, ನಾವಿಬ್ಬರು ಶಿಕ್ಷಕರು, ಒಬ್ಬರು ಪೋಷಕರು. ಆ್ಯಪ್ ಮಾರುವ ಕಂಪನಿಯವರೂ ಬಂದು ಕೂತು ಮಾತಾಡಿ ಹೋದರು. ದಿನಾ ಅದನ್ನು ಬಳಸಬೇಕಾದ ಮಕ್ಕಳು ಮಾತ್ರ ಒಬ್ಬರೂ ಇಲ್ಲ.

ಇದನ್ನು ಸಭೆಯಲ್ಲಿ ಹೇಳಿದೆ. "ಅವರಿಗೇನು ಗೊತ್ತಾಗುತ್ತೆ, ಆಮೇಲೆ ಟ್ರೈನಿಂಗ್ ಕೊಟ್ಟರಾಯಿತು" ಎಂಬ ಉತ್ತರ ಬಂತು.

ಅವರಿಗೆ ಏನು ಗೊತ್ತಿದೆ ಎಂದು ಹೇಳುತ್ತೇನೆ. ಹೋದ ತಿಂಗಳು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪಕ್ಕ ಕೂತು, ಅವಳು ಹೋಂವರ್ಕ್ ಅಪ್‌ಲೋಡ್ ಮಾಡುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ಮುಗಿದಿತ್ತು. ಪುಟದ ಫೋಟೋ ತೆಗೆದಳು. ಫೋಟೋ 4 ಎಂಬಿ ಇತ್ತು. ಆ್ಯಪ್ 2 ಎಂಬಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಫೋಟೋ ಚಿಕ್ಕದು ಮಾಡಲು ಇನ್ನೊಂದು ಆ್ಯಪ್ ತೆರೆದಳು. ಅದರಲ್ಲಿ ಜಾಹೀರಾತು ಮುಗಿಯುವವರೆಗೆ ಕಾದಳು. ಚಿಕ್ಕದಾದ ಫೋಟೋದಲ್ಲಿ ಪೆನ್ಸಿಲ್ ಅಕ್ಷರ ಮಸುಕಾಯಿತು. ಪೆನ್ನಿನಿಂದ ಮತ್ತೆ ತಿದ್ದಿ ಬರೆದು ಇನ್ನೊಂದು ಫೋಟೋ ತೆಗೆದಳು. ಅಷ್ಟರಲ್ಲಿ ಆ್ಯಪ್ ಲಾಗ್ಔಟ್ ಆಗಿತ್ತು. ಲೆಕ್ಕ ಮಾಡುವುದಕ್ಕಿಂತ ಅದನ್ನು ಕಳಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಈ ಆ್ಯಪ್‌ನ ಎದುರು ನಮ್ಮ ಸಮಿತಿಯ ಹಾಳೆಯಲ್ಲಿ "ಬಳಕೆ ಸುಲಭ" ಎಂದು ಟಿಕ್ ಹಾಕಿದ್ದಾರೆ. ಅವಳನ್ನು ಒಂದು ಮಾತು ಕೇಳಿದ್ದರೆ ಆ ಟಿಕ್ ಬೀಳುತ್ತಿರಲಿಲ್ಲ.

ಮಕ್ಕಳನ್ನು ಸೇರಿಸಿಕೊಂಡು ಪ್ಲಾನ್ ಮಾಡಿದವರು ಇಲ್ಲಿ ಇದ್ದೀರಾ? ಹೇಗೆ ಮಾಡಿದಿರಿ? ಮುಂದಿನ ಸಭೆಗೆ ಬರೀ ವಾದ ಒಯ್ದರೆ ಸಾಲದು, ಮಾಡುವ ದಾರಿಯನ್ನೂ ಒಯ್ಯಬೇಕು.

@ನಿವೃತ್ತ_ಹೆಡ್‌ಮಾಸ್ಟರ್

ಟೀಚರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಸಮಿತಿಯಲ್ಲಿ ಕೂತವರ ಕಷ್ಟವನ್ನೂ ಸ್ವಲ್ಪ ನೋಡಿ. ಟೆಕ್ನಾಲಜಿ ಪ್ಲಾನ್ ಅಂದರೆ ಟೆಂಡರು, ವಾರಂಟಿ, ಕರೆಂಟು, ವೈರಿಂಗು, ಸರ್ವಿಸ್ ಕರಾರು. ಇವು ಹದಿಮೂರು ವರ್ಷದ ಮಕ್ಕಳ ತಲೆಗೆ ಹೊರೆಸುವ ವಿಷಯಗಳಲ್ಲ. ಇವತ್ತು ಕೇಳಿದ ಮಗು ಎರಡು ವರ್ಷದಲ್ಲಿ ಶಾಲೆ ಬಿಟ್ಟು ಹೋಗುತ್ತದೆ, ತಂದ ಸಾಮಾನು ಐದಾರು ವರ್ಷ ಅಲ್ಲೇ ಇರುತ್ತದೆ. ತಪ್ಪಾದರೆ ಉತ್ತರ ಕೊಡಬೇಕಾದವರು ನಾವು.

ಇನ್ನೊಂದು ಮಾತು. ಮಕ್ಕಳನ್ನು ಕೇಳಿದರೆ ಮೊದಲ ಉತ್ತರವೇ ಫೋನ್ ಬೇಕು, ಗೇಮ್ ಬೇಕು, ಯೂಟ್ಯೂಬ್ ತೆಗೆಯಿರಿ ಎಂದಿರುತ್ತದೆ. ಕೇಳಿ, ಆಮೇಲೆ ಇಲ್ಲ ಅನ್ನುವುದಕ್ಕಿಂತ ಕೇಳದೇ ಇರುವುದು ಪ್ರಾಮಾಣಿಕ ಅಲ್ವಾ?

@ಕೊನೆಬೆಂಚು

ಸರ್, ನಾನು ಹತ್ತನೇ ತರಗತಿ. ಗೌರವದಿಂದಲೇ ಹೇಳುತ್ತೇನೆ, ನಮ್ಮನ್ನು ಕೇಳಿದರೆ ಮೊದಲು ಬರುವುದು ಗೇಮ್ ಅಲ್ಲ. ನನ್ನ ಕ್ಲಾಸಿನವರ ಹತ್ತಿರ ಇವತ್ತು ಸುಮ್ನೆ ಮಾತಾಡಿ ನೋಡಿದೆ. ಬಂದಿದ್ದು ಇವು.

ಚಾರ್ಜಿಂಗ್. ಇಡೀ ರೂಮಿಗೆ ಎರಡೇ ಪ್ಲಗ್, ಎರಡೂ ಟೀಚರ್ ಮೇಜಿನ ಹತ್ತಿರ. ಮಧ್ಯಾಹ್ನದ ಮೇಲೆ ಅರ್ಧ ಟ್ಯಾಬ್ ಸತ್ತಿರುತ್ತವೆ. ಆಗ ಇಬ್ಬಿಬ್ಬರಿಗೆ ಒಂದು ಕೊಡುತ್ತಾರೆ. ಯಾರು ಜೋರಿದ್ದಾರೋ ಅವರ ಕೈಯಲ್ಲೇ ಅದು ಉಳಿಯುತ್ತದೆ.

ಪಾಸ್‌ವರ್ಡ್. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು. ನಾವು ಹೇಗೋ ನೆನಪಿಟ್ಟುಕೊಳ್ಳುತ್ತೇವೆ. ಐದನೇ ತರಗತಿಯ ಪುಟ್ಟ ಮಕ್ಕಳಿಗೆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕಾಲು ಭಾಗ ಲಾಗಿನ್‌ನಲ್ಲೇ ಹೋಗುತ್ತದೆ. ಕೊನೆಗೆ ಎಲ್ಲರೂ ಚೀಟಿಯಲ್ಲಿ ಬರೆದು ಟ್ಯಾಬ್ ಹಿಂದೆ ಅಂಟಿಸಿಕೊಂಡಿದ್ದಾರೆ.

ರಾತ್ರಿ ಹತ್ತು ಗಂಟೆಗೆ ಬರುವ ನೋಟಿಫಿಕೇಶನ್. ಟೀಚರ್ ತಮಗೆ ಬಿಡುವಾದಾಗ ಹೋಂವರ್ಕ್ ಹಾಕುತ್ತಾರೆ, ಅದು ತಪ್ಪಲ್ಲ. ಆದರೆ ನಮಗೆ ಫೋನ್ ಟಿಂಗ್ ಎಂದ ಕೂಡಲೇ ಏನೋ ಬಾಕಿ ಇದೆ ಅನ್ನಿಸುತ್ತದೆ, ನಿದ್ದೆ ಹೋಗುತ್ತದೆ. ಬೆಳಗ್ಗೆ ಏಳಕ್ಕೆ ಬರುವ ಹಾಗೆ ಸೆಟ್ ಮಾಡಬಹುದು ಅಷ್ಟೇ.

ಇನ್ನೊಂದು ತುಂಬಾ ಜನ ಹೇಳಿದ್ದು. ಟೆಸ್ಟ್ ಮಾರ್ಕ್ಸ್ ಆ್ಯಪ್‌ನಲ್ಲಿ ನಮಗಿಂತ ಮೊದಲು ಅಪ್ಪ ಅಮ್ಮನಿಗೆ ಹೋಗುತ್ತದೆ. ನಾನು ಇನ್ನೂ ಕ್ಲಾಸಿನಲ್ಲಿ ಇರುತ್ತೇನೆ, ಮನೆಯಲ್ಲಿ ಆಗಲೇ ಗೊತ್ತಾಗಿರುತ್ತದೆ. ನಾವೇ ಹೇಳುವುದಕ್ಕೆ ಒಂದು ಸಂಜೆ ಟೈಮ್ ಕೊಡಿ ಎಂದು ಕೇಳುವುದು ಜಾಸ್ತಿ ಆಯಿತಾ?

ಇದರಲ್ಲಿ ಯಾವುದಕ್ಕೂ ಟೆಂಡರ್ ಬೇಕಿಲ್ಲ ಸರ್.

@ಸಂಶೋಧನೆ_ಓದುವವ

ಕೊನೆಬೆಂಚು ಹೇಳಿದ್ದಕ್ಕೆ ಜೊತೆಯಾಗುವ ಒಂದು ಅಂಕಿ ಇದೆ. ಪೀಸಾ ಎಂದು ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಳೆಯುವ ಸಮೀಕ್ಷೆ ಇದೆ. ಅದರ 2022ರ ಸುತ್ತಿನಲ್ಲಿ, ಅದನ್ನು ನಡೆಸುವ ಒಇಸಿಡಿ ಎಂಬ ಒಕ್ಕೂಟದ ಸದಸ್ಯ ದೇಶಗಳ ಸರಾಸರಿ ತೆಗೆದರೆ, ಕನಿಷ್ಠ ಕೆಲವು ಗಣಿತ ತರಗತಿಗಳಲ್ಲಾದರೂ ಡಿಜಿಟಲ್ ಸಾಧನದಿಂದ ತಮ್ಮ ಗಮನ ಹಾಳಾಗುತ್ತದೆ ಎಂದು 65% ವಿದ್ಯಾರ್ಥಿಗಳು ಹೇಳಿದ್ದರು. ಪಕ್ಕದವರ ಸಾಧನದಿಂದ ತಮಗೆ ತೊಂದರೆ ಎಂದವರು 59%. ಇದನ್ನು ಹೇಳಿದ್ದು ಹದಿನೈದು ವರ್ಷದ ಮಕ್ಕಳೇ. ಮಕ್ಕಳಿಗೆ ಟೆಕ್ನಾಲಜಿ ಎಷ್ಟಿದ್ದರೂ ಬೇಕು ಎಂಬ ನಮ್ಮ ಊಹೆ ಪೂರ್ತಿ ಸರಿಯಲ್ಲ. ಎಲ್ಲಿ ಬೇಡ ಎಂದೂ ಅವರಿಗೆ ಗೊತ್ತಿರುತ್ತದೆ.

ಹೆಡ್‌ಮಾಸ್ಟರ್ ಸರ್ ಎತ್ತಿದ ಜವಾಬ್ದಾರಿಯ ಪ್ರಶ್ನೆ ದೊಡ್ಡದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯನ್ನು ಒಮ್ಮೆ ಓದಿ. ತನಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಆ ಅಭಿಪ್ರಾಯಕ್ಕೆ ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ ಅದು. ಮಗುವೇ ತೀರ್ಮಾನ ಮಾಡಬೇಕು ಎಂದು ಎಲ್ಲೂ ಹೇಳುವುದಿಲ್ಲ. ಸಹಿ ನಿಮ್ಮದೇ, ಹೊಣೆಯೂ ನಿಮ್ಮದೇ. ಸಹಿ ಹಾಕುವ ಮೊದಲು ಕೇಳಿಸಿಕೊಳ್ಳಿ ಎನ್ನುತ್ತದೆ ಅಷ್ಟೇ. ಈ ಒಡಂಬಡಿಕೆಯ ಪಾಲನೆ ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರಲ್ಲಿ ಡಿಜಿಟಲ್ ಜಗತ್ತಿನ ಬಗ್ಗೆ ತನ್ನ 25ನೇ ಸಾಮಾನ್ಯ ಟಿಪ್ಪಣಿ, ಅಂದರೆ ಒಡಂಬಡಿಕೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ವಿವರಣೆ, ಹೊರಡಿಸಿತು. ಅದಕ್ಕಾಗಿ 28 ದೇಶಗಳ 709 ಮಕ್ಕಳ ಅಭಿಪ್ರಾಯ ಪಡೆದಿದ್ದರು. ಅಷ್ಟು ದೊಡ್ಡ ಸಂಸ್ಥೆಗೆ ಸಾಧ್ಯವಾದದ್ದು ಒಂದು ಶಾಲೆಗೆ ಆಗದೇ ಇರುತ್ತದಾ?

ಕೆಲಸಕ್ಕೆ ಬರುವ ಇನ್ನೊಂದು ವಿಚಾರ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ 12ನೇ ವಿಧಿಯನ್ನು ನಾಲ್ಕು ಭಾಗ ಮಾಡಿ ತೋರಿಸಿದರು. ಮಾತಾಡಲು ಜಾಗ ಇರಬೇಕು. ಮಾತು ಹೊರಗೆ ಬರಲು ಸಹಾಯ ಇರಬೇಕು. ನಿರ್ಧಾರ ಮಾಡುವವರೇ ಅದನ್ನು ಕೇಳಿಸಿಕೊಳ್ಳಬೇಕು. ಅದರಿಂದ ಏನಾದರೂ ಬದಲಾಗುವ ಹಾಗಿರಬೇಕು. ನಮ್ಮ ಶಾಲೆಗಳಲ್ಲಿ ಮೊದಲ ಎರಡು ಹೇಗೋ ಆಗುತ್ತವೆ. ಸಲಹಾ ಪೆಟ್ಟಿಗೆ ಇಡುತ್ತಾರೆ, ಫಾರ್ಮ್ ತುಂಬಿಸುತ್ತಾರೆ. ಆಮೇಲೆ ಆ ಫಾರ್ಮ್ ಯಾರ ಮೇಜಿಗೆ ಹೋಯಿತು? ಅಲ್ಲೇ ಎಲ್ಲ ನಿಂತುಹೋಗುತ್ತದೆ.

@ಸರ್ವರ್_ರೂಮ್

ನಾನು ಶಾಲೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಮಕ್ಕಳನ್ನು ಬಿಟ್ಟು ಪ್ಲಾನ್ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೆಲಸದವರೆಲ್ಲ ಹೇಳುವ ಒಂದು ಪ್ರಸಂಗವಿದೆ. 2013ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಶಾಲಾ ಜಿಲ್ಲೆ ಮಕ್ಕಳಿಗೆ ಐಪ್ಯಾಡ್ ಹಂಚಲು ಶುರು ಮಾಡಿತು. ಸೋಷಿಯಲ್ ಮೀಡಿಯಾ, ವಿಡಿಯೋ ಎಲ್ಲ ಬ್ಲಾಕ್ ಮಾಡಿ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಹೈಸ್ಕೂಲ್ ಮಕ್ಕಳು ಅದರೊಳಗೆ ಶಾಲೆ ಹಾಕಿದ್ದ ಪ್ರೊಫೈಲ್ (ಸೆಟ್ಟಿಂಗ್‌ಗಳ ಕಟ್ಟು) ಡಿಲೀಟ್ ಮಾಡಿ ಫಿಲ್ಟರ್ ದಾಟಿಬಿಟ್ಟರು. ಐಪ್ಯಾಡ್ ಮನೆಗೆ ಒಯ್ಯುವುದನ್ನೇ ನಿಲ್ಲಿಸಬೇಕಾಯಿತು. ಹಂಚುವ ಮೊದಲು ಒಂದಷ್ಟು ಮಕ್ಕಳ ಕೈಗೆ ಕೊಟ್ಟು "ಇದನ್ನು ಹೇಗೆ ದಾಟುತ್ತೀರಿ, ಯಾಕೆ ದಾಟುತ್ತೀರಿ" ಎಂದು ಕೇಳಿದ್ದರೆ ಆ ದಾರಿ ಆಗಲೇ ಕಾಣುತ್ತಿತ್ತು.

"ಯಾಕೆ" ಎಂಬುದು ಮುಖ್ಯ. ನಮ್ಮಲ್ಲಿ ಮಕ್ಕಳು ವಿಪಿಎನ್, ಅಂದರೆ ಫಿಲ್ಟರ್ ತಪ್ಪಿಸಿ ಬೇರೆ ದಾರಿಯಲ್ಲಿ ಇಂಟರ್ನೆಟ್‌ಗೆ ಹೋಗುವ ಆ್ಯಪ್, ಹಾಕಿಕೊಳ್ಳುತ್ತಿದ್ದರು. ಗೇಮ್‌ಗೆ ಎಂದುಕೊಂಡಿದ್ದೆವು. ಕೂರಿಸಿ ಕೇಳಿದಾಗ ಬೇರೆ ಕಾರಣ ಬಂತು. ಜೀವಶಾಸ್ತ್ರದ ಪಾಠದಲ್ಲಿ ಬರುವ ಸಂತಾನೋತ್ಪತ್ತಿಯ ಅಧ್ಯಾಯಕ್ಕೆ ಹುಡುಕಿದರೆ ಫಿಲ್ಟರ್ ಎಲ್ಲವನ್ನೂ ಮುಚ್ಚುತ್ತಿತ್ತು. ಸ್ತನ ಕ್ಯಾನ್ಸರ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಗೆ ಒಂದು ಪುಟವೂ ತೆರೆಯಲಿಲ್ಲ. ಇದನ್ನು ಹೋಗಿ ಸರ್ ಹತ್ತಿರ ಹೇಳಲು ಅವಳಿಗೆ ಮುಜುಗರ.

ಆಮೇಲೆ ನಾವು ಮಾಡಿದ್ದು ಸಣ್ಣ ಕೆಲಸ. ಬ್ಲಾಕ್ ಆದ ಪುಟ ಬಂದಾಗ ಕೆಳಗೆ ಒಂದು ಬಟನ್ ಇಟ್ಟೆವು, "ಇದು ನನಗೆ ಪಾಠಕ್ಕೆ ಬೇಕು" ಎಂದು. ಒತ್ತಿದವರ ಹೆಸರು ಟೀಚರ್‌ಗೆ ಹೋಗುವುದಿಲ್ಲ, ವಿಳಾಸ ಮಾತ್ರ ನನಗೆ ಬರುತ್ತದೆ. ನಾನು ನೋಡಿ ತೆರೆಯುತ್ತೇನೆ ಅಥವಾ ಯಾಕೆ ತೆರೆಯುವುದಿಲ್ಲ ಎಂದು ಅಲ್ಲೇ ಬರೆಯುತ್ತೇನೆ. ವಿಪಿಎನ್ ಪೂರ್ತಿ ನಿಂತಿಲ್ಲ, ತುಂಬಾ ಕಡಿಮೆಯಾಗಿದೆ. ಹೆಸರು ಹೋಗಬಾರದು ಎಂಬ ಸಲಹೆ ಕೊಟ್ಟವಳು ಎಂಟನೇ ತರಗತಿಯವಳು. ನನಗದು ಹೊಳೆದಿರಲೇ ಇಲ್ಲ.

@ಇಬ್ಬರ_ಅಮ್ಮ

ನನ್ನ ಚಿಂತೆ ಬೇರೆ. ಮಕ್ಕಳನ್ನು ಕೇಳುತ್ತೇವೆ ಎಂದಾಗ ಯಾರನ್ನು ಕೇಳುತ್ತಾರೆ? ಕ್ಲಾಸ್ ಲೀಡರ್, ರ್‍ಯಾಂಕ್ ಬರುವವರು, ವೇದಿಕೆ ಮೇಲೆ ಚೆನ್ನಾಗಿ ಮಾತಾಡುವವರು. ನನ್ನ ದೊಡ್ಡ ಮಗ ಅಂಥವನು, ಅವನನ್ನು ಎಲ್ಲದಕ್ಕೂ ಕರೆಯುತ್ತಾರೆ. ಚಿಕ್ಕವಳು ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಒಂದೇ ಫೋನ್ ಇರುವ ಮಗು, ಇಂಟರ್ನೆಟ್ ಇಲ್ಲದ ಮಗು, ಟ್ಯಾಬ್ ಒಡೆದರೆ ದಂಡ ಕಟ್ಟಬೇಕಲ್ಲ ಎಂದು ಅದನ್ನು ಮುಟ್ಟಲೂ ಹೆದರುವ ಮಗು, ಇವರು ಯಾವ ಸಮಿತಿಗೂ ಬರುವುದಿಲ್ಲ. ಪ್ಲಾನ್ ತಪ್ಪಿದರೆ ಮೊದಲು ಪೆಟ್ಟು ಬೀಳುವುದು ಮಾತ್ರ ಅವರಿಗೇ.

ಆಮೇಲೆ ಡೇಟಾ. ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ ಒಂದು ವರದಿ ತಂದಿತ್ತು. ಕೋವಿಡ್ ಸಮಯದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ ಕಲಿಕಾ ಆ್ಯಪ್, ವೆಬ್‌ಸೈಟುಗಳನ್ನು ಪರೀಕ್ಷಿಸಿದ್ದರು. ನೋಡಿದ 163ರಲ್ಲಿ 89% ಮಕ್ಕಳ ಹಕ್ಕಿಗೆ ಧಕ್ಕೆ ತರುವ ರೀತಿಯಲ್ಲಿ ಅವರ ಡೇಟಾ ಬಳಸುತ್ತಿದ್ದವು ಅಥವಾ ಬಳಸುವ ಹಾಗೆ ಇದ್ದವು. ನಾವು ಪೋಷಕರು "ಒಪ್ಪಿಗೆ" ಎಂದು ಒತ್ತಿದ್ದೇವೆ. ಮಗುವಿಗೆ ಯಾರೂ ಹೇಳಿಲ್ಲ. ನನ್ನ ಚಿಕ್ಕವಳು ಒಮ್ಮೆ ಕೇಳಿದಳು, "ನಾನು ತಪ್ಪು ಉತ್ತರ ಬರೆದಿದ್ದು ಈ ಆ್ಯಪ್‌ನಲ್ಲಿ ಯಾವಾಗಲೂ ಇರುತ್ತಾ?" ಎಂದು. ಆ ಪ್ರಶ್ನೆಗೆ ಶಾಲೆಯಲ್ಲಿ ಯಾರ ಹತ್ತಿರವೂ ಉತ್ತರ ಸಿಗಲಿಲ್ಲ. ಆ್ಯಪ್ ಕೊಳ್ಳುವ ಮೊದಲು ಕಂಪನಿಯವರ ಮುಂದೆ ಅದೇ ಪ್ರಶ್ನೆ ಇಡಬೇಕು.

@ಬಿಳಿಕೋಲು

ನಾನು ಹುಟ್ಟು ಕುರುಡ. ಈಗ ಕೆಲಸದಲ್ಲಿದ್ದೇನೆ. ಈ ಚರ್ಚೆಯನ್ನು ಸ್ಕ್ರೀನ್ ರೀಡರ್‌ನಲ್ಲಿ (ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಕೇಳುತ್ತಾ ಬಂದೆ, ಬರೆಯದೇ ಇರಲು ಆಗಲಿಲ್ಲ.

ಶಾಲೆ, ಟೆಕ್ನಾಲಜಿ, ವಿದ್ಯಾರ್ಥಿಯ ದನಿ ಮೂರೂ ಸೇರಿದ ಕಥೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯಲ್ಲಿ ಲೂಯಿ ಬ್ರೈಲ್ ವಿದ್ಯಾರ್ಥಿಯಾಗಿದ್ದ. ಅಲ್ಲಿನ ಪುಸ್ತಕಗಳಲ್ಲಿ ಕಣ್ಣಿದ್ದವರ ಅಕ್ಷರವನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಅವು ದೊಡ್ಡ, ಭಾರದ ಪುಸ್ತಕಗಳು. ಬೆರಳಿಗೆ ಓದುವುದು ನಿಧಾನ, ಬರೆಯುವುದಂತೂ ಆಗುತ್ತಿರಲಿಲ್ಲ. ಕಣ್ಣಿದ್ದವರಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಚಾರ್ಲ್ಸ್ ಬಾರ್ಬಿಯೆ ಎಂಬುವರು ಚುಕ್ಕಿಗಳ ಒಂದು ಪದ್ಧತಿ ತಂದುಕೊಟ್ಟರು, ಅದರಲ್ಲಿ 12 ಚುಕ್ಕಿ. ಒಂದು ಬೆರಳ ತುದಿಗೆ ಅಷ್ಟು ಒಟ್ಟಿಗೆ ಸಿಗುವುದಿಲ್ಲ. ಲೂಯಿ ಅದನ್ನು 6 ಚುಕ್ಕಿಗೆ ಇಳಿಸಿದ. ಅದು 1824, ಅವನಿಗೆ ಆಗ 15 ವರ್ಷ. ಜೊತೆಯ ಹುಡುಗರು ಕೂಡಲೇ ಅದನ್ನು ಹಿಡಿದುಕೊಂಡರು. ಆದರೆ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಲೂಯಿ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು. ಬೆರಳಿಗೆ ಯಾವುದು ಸುಲಭ ಎಂದು ಹುಡುಗರಿಗೆ ಗೊತ್ತಿತ್ತು, ನಿರ್ಧಾರ ಮಾಡುವವರು ಕಣ್ಣಿನಿಂದ ನೋಡುತ್ತಿದ್ದರು.

ಇವತ್ತು ನಾನು ಬಳಸುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಕೂಡ ಹಾಗೇ. ಅದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ.

ಈಗಿನ ಶಾಲೆಗಳಲ್ಲಿ ನಮ್ಮಂಥವರಿಗೆ ಏನಾಗುತ್ತದೆ ಎಂದರೆ, ನೋಟ್ಸ್ ಎಂದು ಕಳಿಸುವ ಪಿಡಿಎಫ್ ಬರೀ ಸ್ಕ್ಯಾನ್ ಮಾಡಿದ ಚಿತ್ರ. ನನ್ನ ಕಂಪ್ಯೂಟರ್ ಅದನ್ನು ತೆರೆದು "ಖಾಲಿ ಪುಟ" ಎನ್ನುತ್ತದೆ. ಟೆಸ್ಟ್ ಆ್ಯಪ್‌ನಲ್ಲಿ ನಾಲ್ಕು ಬಟನ್ ಇದ್ದರೆ ನಾಲ್ಕಕ್ಕೂ "ಬಟನ್, ಬಟನ್" ಎನ್ನುತ್ತದೆ, ಯಾವುದು ಎ ಯಾವುದು ಬಿ ಗೊತ್ತಾಗುವುದಿಲ್ಲ. ಡೆಮೊ ದಿನ ಒಬ್ಬ ಅಂಧ ವಿದ್ಯಾರ್ಥಿಯ ಕೈಗೆ ಐದು ನಿಮಿಷ ಕೊಟ್ಟರೆ ಸಾಕು, ಇದು ತಿಳಿಯುತ್ತದೆ. ಕೊಂಡ ಮೇಲೆ ತಿಳಿದರೆ "ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ" ಎಂಬ ಮಾತು ಸಿಗುತ್ತದೆ. ಅಷ್ಟರಲ್ಲಿ ಮಗುವಿನ ಆ ವರ್ಷ ಮುಗಿದಿರುತ್ತದೆ.

@ನಿವೃತ್ತ_ಹೆಡ್‌ಮಾಸ್ಟರ್

ಬಿಳಿಕೋಲು ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಡೆಮೊ ದಿನ ಮಕ್ಕಳು ಇರಬೇಕು ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ಖರ್ಚೂ ಇಲ್ಲ, ತಡವೂ ಇಲ್ಲ. ಕೊನೆಬೆಂಚು ಹೇಳಿದ ಪ್ಲಗ್ ವಿಷಯ ಕೂಡ ಸರಿ. ವೈರಿಂಗ್ ನಕ್ಷೆ ನೋಡುವಾಗ ಮಕ್ಕಳು ಎಲ್ಲಿ ಕೂರುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಆದರೂ ಎರಡು ಪ್ರಶ್ನೆ ಉಳಿಯುತ್ತವೆ. ಮಕ್ಕಳು ಕೇಳಿದ್ದು ಕೊಡಲು ಆಗದಿದ್ದರೆ? ಮತ್ತೆ, ಇದನ್ನು ಪ್ರತಿ ವರ್ಷ ನಡೆಸುವವರು ಯಾರು? ಒಬ್ಬ ಉತ್ಸಾಹಿ ಟೀಚರ್ ಇದ್ದಾಗ ನಡೆಯುತ್ತದೆ, ಅವರಿಗೆ ವರ್ಗ ಆದರೆ ನಿಲ್ಲುತ್ತದೆ. ಇಂಥದ್ದು ಬೇಕಾದಷ್ಟು ನೋಡಿದ್ದೇನೆ.

@ಗಣಿತ_ಮೇಷ್ಟ್ರು

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಮಕ್ಕಳ ದನಿ ಬೇಕು, ಸರಿ. ಶಿಕ್ಷಕರ ದನಿಯನ್ನು ಕೇಳಿದವರು ಯಾರು? ನಮಗೂ ಟ್ಯಾಬ್ ಪೆಟ್ಟಿಗೆ ಬಂದ ಮೇಲೆಯೇ ಗೊತ್ತಾಗುವುದು. ಹಾಜರಿ ಒಂದು ಆ್ಯಪ್‌ನಲ್ಲಿ, ಮಾರ್ಕ್ಸ್ ಇನ್ನೊಂದರಲ್ಲಿ, ಹೋಂವರ್ಕ್ ಮತ್ತೊಂದರಲ್ಲಿ. ರಾತ್ರಿ ಹತ್ತಕ್ಕೆ ನೋಟಿಫಿಕೇಶನ್ ಕಳಿಸುವುದು ನಮಗೂ ಇಷ್ಟದ ಕೆಲಸ ಅಲ್ಲ ಮರಿ, ಹಗಲು ಪುರುಸೊತ್ತು ಸಿಗುವುದಿಲ್ಲ. ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಯೋಜನೆಯನ್ನು 319 ಶಾಲೆಗಳಲ್ಲಿ ಅಧ್ಯಯನ ಮಾಡಿ, 2012ರಲ್ಲಿ ವರದಿ ಬಂತು. ಲ್ಯಾಪ್‌ಟಾಪ್ ಕೈಗೆ ಸಿಕ್ಕಿತ್ತು, ಗಣಿತದಲ್ಲೂ ಭಾಷೆಯಲ್ಲೂ ಕಲಿಕೆ ಜಾಸ್ತಿಯಾದದ್ದು ಮಾತ್ರ ಕಾಣಲಿಲ್ಲ. ಕ್ಲಾಸಿನಲ್ಲಿ ಅದನ್ನು ಏನು ಮಾಡಬೇಕು ಎಂದು ಶಿಕ್ಷಕರ ಜೊತೆ ಕೂತು ಯೋಚಿಸದೆ ಸಾಮಾನು ಮಾತ್ರ ಕೊಟ್ಟರೆ ಅಷ್ಟೇ ಆಗುವುದು.

@ಕೊನೆಬೆಂಚು

ಮೇಷ್ಟ್ರೇ, ಅದು ನಮಗೆ ಗೊತ್ತೇ ಇರಲಿಲ್ಲ. ನೀವು ಬೇಕೆಂದೇ ರಾತ್ರಿ ಹಾಕುತ್ತೀರಿ ಎಂದುಕೊಂಡಿದ್ದೆವು. ಹಾಗಾದರೆ ನಿಮ್ಮ ಮೂರು ಆ್ಯಪ್ ಒಂದಾಗಬೇಕು ಎಂದು ನಾವೂ ಕೇಳುತ್ತೇವೆ.

@ಗಣಿತ_ಮೇಷ್ಟ್ರು

ಕೇಳು. ನಿಮ್ಮ ಬೆಳಗ್ಗೆ ಏಳು ಗಂಟೆಯ ಬೇಡಿಕೆಗೆ ನಾನು ಸಹಿ ಹಾಕುತ್ತೇನೆ.

@ಲೈಬ್ರರಿ_ಮೇಡಂ

ಹೆಡ್‌ಮಾಸ್ಟರ್ ಸರ್ ಕೇಳಿದ ಎರಡಕ್ಕೂ ನಮ್ಮ ಶಾಲೆಯ ಅನುಭವದಿಂದ ಹೇಳುತ್ತೇನೆ. ನಮ್ಮಲ್ಲಿ ಇದು ಕೆಲವು ವರ್ಷಗಳಿಂದ ನಡೆಯುತ್ತಿದೆ, ಸ್ವಲ್ಪ ಎಡವಿ ಎಡವಿಯೇ ನಿಂತಿದೆ.

ಮೊದಲು ಸಮಯ. ಮಕ್ಕಳನ್ನು ಕೇಳುವುದು ಕೊಳ್ಳುವ ಮೊದಲು, ಆಯ್ಕೆ ಇನ್ನೂ ಎರಡು ಮೂರು ಇರುವಾಗ. ಆಯ್ಕೆ ಮುಗಿದ ಮೇಲೆ ಕೇಳುವುದು ಅಭಿಪ್ರಾಯ ಕೇಳಿದ ಹಾಗಲ್ಲ. ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದರು. ಅದರ ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಎನ್ನುತ್ತಾರೆ ಅವರು. ಮಕ್ಕಳನ್ನು ನಮ್ಮ ಮಾತಿಗೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಕೂರಿಸುವುದು. ಟ್ಯಾಬ್ ಉದ್ಘಾಟನೆಯ ದಿನ ಮಕ್ಕಳ ಕೈಯಲ್ಲಿ ಟ್ಯಾಬ್ ಕೊಟ್ಟು ಫೋಟೋ ತೆಗೆಯುತ್ತೇವಲ್ಲ, ಅದು ಎರಡನೆಯದು.

ಆಮೇಲೆ ಯಾರನ್ನು ಎಂಬ ಪ್ರಶ್ನೆ. ಇಬ್ಬರ ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಲೀಡರ್‌ಗಳನ್ನು ಕರೆಯುವುದನ್ನು ಬಿಟ್ಟೆವು. ಹಾಜರಿ ಪುಸ್ತಕದಿಂದ ಚೀಟಿ ಎತ್ತುತ್ತೇವೆ. ಜೊತೆಗೆ ಮನೆಯಲ್ಲಿ ಸಾಧನ ಇಲ್ಲದ ಮಕ್ಕಳು, ವಿಶೇಷ ಅಗತ್ಯದ ಮಕ್ಕಳು ಇದ್ದೇ ಇರುವ ಹಾಗೆ ನೋಡಿಕೊಳ್ಳುತ್ತೇವೆ, ಅವರನ್ನು ಹಾಗೆಂದು ಗುರುತಿಸದೆ. ಒಬ್ಬರನ್ನೇ ದೊಡ್ಡವರ ಸಭೆಯಲ್ಲಿ ಕೂರಿಸಿದರೆ ಮಾತು ಬರುವುದಿಲ್ಲ. ಕನಿಷ್ಠ ಮೂರು ನಾಲ್ಕು ಜನ ಜೊತೆಗಿರಬೇಕು, ಮೊದಲು ಅವರವರೇ ಕೂತು ಮಾತಾಡಿರಬೇಕು.

ಹೇಗೆ ಕೇಳುವುದು ಎಂಬುದೇ ಎಲ್ಲದಕ್ಕಿಂತ ಕಷ್ಟ. "ನಿಮಗೆ ಈ ಆ್ಯಪ್ ಇಷ್ಟ ಆಯಿತಾ" ಎಂದರೆ ಮಕ್ಕಳು ಹೌದು ಎನ್ನುತ್ತಾರೆ, ನಾವು ಹೌದು ಕೇಳಲು ಬಂದಿದ್ದೇವೆ ಎಂದು ಅವರಿಗೆ ಗೊತ್ತು. ನಾವು ಮಾಡುವುದು ಹೀಗೆ. ಎರಡು ಆ್ಯಪ್ ಇದ್ದರೆ ಎರಡರಲ್ಲೂ ಅದೇ ಕೆಲಸ ಕೊಡುತ್ತೇವೆ. ಒಂದು ಹೋಂವರ್ಕ್ ಕಳಿಸು, ಹಿಂದಿನ ವಾರದ ನೋಟ್ಸ್ ಹುಡುಕು, ಗೊತ್ತಾಗದ ಪ್ರಶ್ನೆಯೊಂದನ್ನು ಟೀಚರ್‌ಗೆ ಕೇಳು. ನಾವು ಪಕ್ಕದಲ್ಲಿ ಸುಮ್ನೆ ಕೂತಿರುತ್ತೇವೆ, ಸಹಾಯ ಮಾಡುವುದಿಲ್ಲ. ಎಲ್ಲಿ ನಿಂತರು, ಎಲ್ಲಿ ಪಕ್ಕದವರನ್ನು ಕೇಳಿದರು, ಎಲ್ಲಿ ಬಿಟ್ಟುಬಿಟ್ಟರು ಎಂದು ಬರೆದುಕೊಳ್ಳುತ್ತೇವೆ. ಅದಾದ ಮೇಲೆ "ಇಲ್ಲಿ ಯಾಕೆ ನಿಂತೆ" ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಒಂದು ಸಲ ದುಬಾರಿ ಆ್ಯಪ್‌ನಲ್ಲಿ ಹೋಂವರ್ಕ್ ಕಳಿಸುವ ಬಟನ್ ಕೀಬೋರ್ಡ್ ಕೆಳಗೆ ಮುಚ್ಚಿಹೋಗುತ್ತಿತ್ತು. ಕಂಪನಿಯವರ ಡೆಮೊ ದೊಡ್ಡ ಪರದೆಯಲ್ಲಿ ನಡೆದಿತ್ತು, ಹಾಗಾಗಿ ನಮಗೆ ಯಾರಿಗೂ ಅದು ಕಂಡಿರಲಿಲ್ಲ. ಮಕ್ಕಳು ಚಿಕ್ಕ ಟ್ಯಾಬ್‌ನಲ್ಲಿ ಹಿಡಿದ ಕೂಡಲೇ ಕಂಡಿತು. ಆ ಆ್ಯಪ್ ತೆಗೆದುಕೊಳ್ಳಲಿಲ್ಲ.

ಪುಟ್ಟ ಮಕ್ಕಳಿಗೆ ಪ್ರಶ್ನೆಪತ್ರಿಕೆ ಬೇಡ. "ಕಂಪ್ಯೂಟರ್ ಕ್ಲಾಸಿನಲ್ಲಿ ನೀನು ಎಲ್ಲಿರುತ್ತೀಯಾ, ಚಿತ್ರ ಬರಿ" ಎಂದು ಒಂದನೇ ಎರಡನೇ ತರಗತಿಯವರಿಗೆ ಹೇಳಿದ್ದೆವು. ಎಷ್ಟೋ ಚಿತ್ರಗಳಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ದೊಡ್ಡ ಹುಡುಗ, ಅವನ ಹಿಂದೆ ಬೆನ್ನು ನೋಡುತ್ತಾ ನಿಂತ ಚಿಕ್ಕ ಚಿಕ್ಕ ಮಕ್ಕಳು. ಆ ಚಿತ್ರಗಳನ್ನು ಹಾಗೇ ಸಮಿತಿಯ ಮೇಜಿನ ಮೇಲೆ ಇಟ್ಟೆವು. ಗುಂಪಿಗೆ ಇಷ್ಟೇ ಮಕ್ಕಳು ಎಂಬ ನಿಯಮ ಅವತ್ತೇ ಬಂತು.

ಸರ್ ಕೇಳಿದ ಮೊದಲ ಪ್ರಶ್ನೆ, ಕೊಡಲು ಆಗದಿದ್ದರೆ? ಆಗುವುದಿಲ್ಲ ಎಂದು ಬರೆದು, ಕಾರಣ ಹೇಳಿ. ನಮ್ಮಲ್ಲಿ ನೋಟಿಸ್ ಬೋರ್ಡಿನಲ್ಲಿ ಮೂರು ಸಾಲಿನ ಪಟ್ಟಿ ಹಾಕುತ್ತೇವೆ. ನೀವು ಹೇಳಿದ್ದು, ನಾವು ಮಾಡಿದ್ದು, ಮಾಡದಿದ್ದರೆ ಯಾಕೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬೇಕು ಎಂದು ಕೇಳಿದ್ದರು. ಬೇಡ ಎಂದೆವು, ಕಾರಣ ಬರೆದೆವು. ಜಗಳ ಆಗಲಿಲ್ಲ. ಮರುವರ್ಷ ಅದೇ ಮಕ್ಕಳು ಬೇರೆ ರೀತಿ ಕೇಳಿದರು, ಮನೆಗೆ ಫೋನ್ ಮಾಡಲು ಆಫೀಸಿನ ಹೊರಗೆ ಒಂದು ಫೋನ್ ಇಡಿ ಎಂದು. ಅದನ್ನು ಇಟ್ಟೆವು.

ಎರಡನೇ ಪ್ರಶ್ನೆ, ನಡೆಸುವವರು ಯಾರು? ವ್ಯಕ್ತಿಯ ಮೇಲೆ ಬಿಡಬೇಡಿ, ಖರೀದಿ ಫೈಲಿನಲ್ಲಿ ಒಂದು ಹಾಳೆ ಸೇರಿಸಿ. ಕೊಟೇಶನ್ ಇರುವ ಹಾಗೆ, "ವಿದ್ಯಾರ್ಥಿಗಳ ಪರೀಕ್ಷೆಯ ವರದಿ" ಎಂಬ ಹಾಳೆ. ಅದು ಇಲ್ಲದೆ ಫೈಲ್ ಸಹಿಗೆ ಹೋಗಬಾರದು. ನಮ್ಮಲ್ಲಿ ಇದನ್ನು ಶುರು ಮಾಡಿದ ಮೇಡಂ ಹೋದ ಮೇಲೂ ನಿಲ್ಲದೆ ಇರಲು ಆ ಹಾಳೆಯೇ ಕಾರಣ.

@ಸರ್ವರ್_ರೂಮ್

ಆ ಹಾಳೆಯ ವಿಚಾರ ತುಂಬಾ ಇಷ್ಟವಾಯಿತು ಮೇಡಂ. ನಾಳೆಯೇ ನಮ್ಮಲ್ಲಿ ಕೇಳುತ್ತೇನೆ.

@ಕೊನೆಬೆಂಚು

ಎಐ ಬಗ್ಗೆ ಯಾರೂ ಮಾತಾಡಿಲ್ಲ, ನಮಗೆ ಈಗ ದೊಡ್ಡ ವಿಷಯ ಅದು.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್‌ನಲ್ಲಿ. ಆಮೇಲೆ ನಮಗೆ ಬಂದ ನಿಯಮ ಒಂದೇ ಸಾಲು, "ಎಐ ಬಳಸಿದರೆ ಸೊನ್ನೆ." ಬಳಸುವುದು ಅಂದರೆ ಏನು? ಉತ್ತರ ಪೂರ್ತಿ ಬರೆಸುವುದು ತಪ್ಪು ಎಂದು ನಮಗೂ ಗೊತ್ತು. ನಾನೇ ಬರೆದದ್ದರಲ್ಲಿ ಕಾಗುಣಿತ ನೋಡಿಸಿದರೆ? ಅರ್ಥವಾಗದ ಪಾಠ ಇನ್ನೊಮ್ಮೆ ಸುಲಭವಾಗಿ ಹೇಳು ಎಂದರೆ? ಕೇಳಲು ಹೆದರಿಕೆ, ಕೇಳಿದರೇ ಅನುಮಾನ ಬರುತ್ತದೆ. ನನ್ನ ಗೆಳತಿ ಪ್ರಬಂಧ ಚೆನ್ನಾಗಿ ಬರೆಯುತ್ತಾಳೆ. ಪತ್ತೆ ಮಾಡುವ ಸಾಫ್ಟ್‌ವೇರ್ ಅದನ್ನು ಎಐ ಬರೆದದ್ದು ಎಂದಿತು. ಅವಳು ತನ್ನ ಕರಡು ನೋಟ್‌ಬುಕ್ ತಂದು ತೋರಿಸುವವರೆಗೆ ಯಾರೂ ನಂಬಲಿಲ್ಲ. ಈಗ ಅವಳು ಬೇಕೆಂದೇ ಸಾದಾ ಬರೆಯುತ್ತಾಳೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

@ಸಂಶೋಧನೆ_ಓದುವವ

ನಿನ್ನ ಗೆಳತಿಗೆ ಇದನ್ನು ಹೇಳು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಎಐ ಬರಹ ಪತ್ತೆ ಮಾಡುವ ಒಂದು ಸಾಧನ ಬಿಟ್ಟಿತ್ತು. ನಿಖರತೆ ಕಡಿಮೆ ಎಂದು 2023ರ ಜುಲೈನಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಆ ಥರದ ಸಾಫ್ಟ್‌ವೇರ್ ಹೇಳಿದ್ದೊಂದನ್ನೇ ನಂಬಿ ಮಗುವನ್ನು ಕಳ್ಳ ಎನ್ನುವುದು ತಪ್ಪು.

ಇಂಗ್ಲೆಂಡಿನ 2020ರ ಪ್ರಸಂಗವೂ ನೆನಪಾಗುತ್ತದೆ. ಕೋವಿಡ್‌ನಿಂದ ಪರೀಕ್ಷೆ ನಡೆಯಲಿಲ್ಲ. ಕಾಲೇಜು ಪ್ರವೇಶಕ್ಕೆ ಬೇಕಾದ ಎ ಲೆವೆಲ್ ಎಂಬ ಶಾಲಾ ಕೊನೆಯ ಪರೀಕ್ಷೆಯ ಫಲಿತಾಂಶವನ್ನು ಒಂದು ಲೆಕ್ಕಾಚಾರದ ಸೂತ್ರದಿಂದ ಕೊಟ್ಟರು. ಶಿಕ್ಷಕರು ಅಂದಾಜಿಸಿದ ಗ್ರೇಡ್‌ಗಳಲ್ಲಿ ಸುಮಾರು 40% ಕೆಳಗೆ ಬಂದವು. ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ಹೇಗಿತ್ತು ಎಂಬುದು ಇವತ್ತಿನ ಮಗುವಿನ ಗ್ರೇಡ್ ಮೇಲೆ ಬಿತ್ತು. ಮಕ್ಕಳು ಬೀದಿಗೆ ಬಂದರು, ಆಗಸ್ಟ್ 17ಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು. ಅವರ ಮಾತು ಕೊನೆಗೂ ಕೇಳಿಸಿತು, ಆದರೆ ಫಲಿತಾಂಶ ಕೈಗೆ ಬಂದು, ಎಷ್ಟೋ ಜನ ಅತ್ತ ಮೇಲೆ.

@ಲೈಬ್ರರಿ_ಮೇಡಂ

ಎಐ ನಿಯಮವನ್ನಂತೂ ಮಕ್ಕಳ ಜೊತೆಯೇ ಬರೆಯಬೇಕು. ನಾವು ಬರೆದಾಗ ಮಕ್ಕಳೇ ನಿಜವಾದ ಸಂದರ್ಭಗಳನ್ನು ತಂದರು. ಕಾಗುಣಿತ ನೋಡಿಸುವುದು, ಅನುವಾದ ಮಾಡಿಸುವುದು, ಪ್ರಶ್ನೆ ಕೇಳಿ ಅಭ್ಯಾಸ ಮಾಡುವುದು, ಹೀಗೆ ಒಂದೊಂದಕ್ಕೂ ಸರಿಯಾ ತಪ್ಪಾ ಎಂದು ಕೂತು ಚರ್ಚಿಸಿದೆವು. ಒಂದು ವಿಷಯ ನನಗೆ ಆಶ್ಚರ್ಯ ತಂದಿತು. ಕೆಲವು ಕಡೆ ಅವರು ನಮಗಿಂತ ಬಿಗಿ. ಕವಿತೆ ಬರೆಯುವ ಸ್ಪರ್ಧೆಯಲ್ಲಿ ಏನೂ ಬೇಡ, ಕಾಗುಣಿತವೂ ಬೇಡ ಎಂದರು.

@ವಿಜ್ಞಾನ_ಟೀಚರ್

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಎಲ್ಲ ಪ್ರಿಂಟ್ ತೆಗೆದಿಟ್ಟಿದ್ದೇನೆ. ಸಮಿತಿಯ ಮುಂದೆ ಒಟ್ಟಿಗೆ ಎಲ್ಲ ಇಟ್ಟರೆ ಯಾವುದೂ ಆಗುವುದಿಲ್ಲ ಎಂದು ಗೊತ್ತು. ಹಾಗಾಗಿ ಮೊದಲು ಮೂರು ಕೇಳುತ್ತೇನೆ. ಈಗ ಪಟ್ಟಿಯಲ್ಲಿರುವ ಎರಡು ಆ್ಯಪ್‌ಗಳನ್ನು ಸಹಿಗೆ ಮೊದಲು ಮಕ್ಕಳ ಕೈಗೆ ಕೊಡಬೇಕು. ಅದರ ವರದಿ ಖರೀದಿ ಫೈಲಿನಲ್ಲಿ ಇರಬೇಕು. ಮಕ್ಕಳು ಹೇಳಿದ್ದಕ್ಕೆ ಸಮಿತಿ ನೋಟಿಸ್ ಬೋರ್ಡಿನಲ್ಲಿ ಉತ್ತರ ಕೊಡಬೇಕು. ಎಐ ನಿಯಮ ಮುಂದಿನ ಟರ್ಮ್‌ಗೆ ಇರಲಿ, ಅದಕ್ಕೆ ಜಾಸ್ತಿ ಸಮಯ ಬೇಕು. ಡೇಟಾ ಬಗ್ಗೆ ಇಬ್ಬರ ಅಮ್ಮನ ಮಗಳು ಕೇಳಿದ ಪ್ರಶ್ನೆಯನ್ನು ಹಾಗೇ, ಅವಳ ಮಾತಿನಲ್ಲೇ, ಕಂಪನಿಯವರಿಗೆ ಕಳಿಸುವ ಪತ್ರದಲ್ಲಿ ಬರೆಯುತ್ತೇನೆ.

@ನಿವೃತ್ತ_ಹೆಡ್‌ಮಾಸ್ಟರ್

ಮೂರೂ ಸರಿಯಾಗಿದೆ. ಆಡಳಿತ ಮಂಡಳಿಗೆ ಹೇಳುವಾಗ ವಾರಂಟಿ ಎಂಬ ಕಡೆಯಿಂದ ಶುರು ಮಾಡಿ, ಕೇಳುತ್ತಾರೆ. ಮಕ್ಕಳು ಮೊದಲೇ ದೋಷ ಹಿಡಿದರೆ ಕರಾರಿಗೆ ಮುಂಚೆಯೇ ಕಂಪನಿಯಿಂದ ಸರಿಪಡಿಸಿಕೊಳ್ಳಬಹುದು, ಸಹಿ ಆದ ಮೇಲೆ ಆ ಬಲ ಇರುವುದಿಲ್ಲ. ಆ ಹಾಳೆಯ ಕರಡು ಬೇಕಿದ್ದರೆ ನಾನು ಬರೆದು ಕೊಡುತ್ತೇನೆ. ಫೈಲಿನ ಭಾಷೆ ನನಗೆ ರೂಢಿ ಇದೆ.

@ಬಿಳಿಕೋಲು

ಕರಡನ್ನು ಸ್ಕ್ಯಾನ್ ಮಾಡದೆ ಟೈಪ್ ಮಾಡಿ ಕಳಿಸಿ ಸರ್, ನಾನೂ ಓದಿ ಸೇರಿಸುತ್ತೇನೆ.

@ನಿವೃತ್ತ_ಹೆಡ್‌ಮಾಸ್ಟರ್

ಖಂಡಿತ. ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ.

@ಕೊನೆಬೆಂಚು

ಟೀಚರ್, ಒಂದು ಪ್ರಶ್ನೆ. ಪರೀಕ್ಷೆ ಮಾಡುವ ಗುಂಪಿಗೆ ದೊಡ್ಡ ತರಗತಿಯವರನ್ನೇ ತೆಗೆದುಕೊಳ್ಳುತ್ತೀರಾ? ನಾವು ಈ ವರ್ಷ ಹೋಗಿಬಿಡುತ್ತೇವೆ. ಆ ಆ್ಯಪ್ ಬಳಸಬೇಕಾದವರು ಈಗಿನ ಐದು, ಆರನೇ ತರಗತಿಯವರು.

@ವಿಜ್ಞಾನ_ಟೀಚರ್

ಐದರಿಂದ ಒಂಬತ್ತರವರೆಗೆ ಚೀಟಿ ಎತ್ತುತ್ತೇವೆ. ನಮ್ಮ ಹತ್ತನೇ ತರಗತಿಯವರನ್ನು ಬರೆದುಕೊಳ್ಳುವ ಕೆಲಸಕ್ಕೆ ಕೂರಿಸುತ್ತೇನೆ, ಚಿಕ್ಕವರು ಎಲ್ಲಿ ನಿಂತರು ಎಂದು ನಮಗಿಂತ ಬೇಗ ಅವರಿಗೆ ಗೊತ್ತಾಗುತ್ತದೆ.